ಟೋಗೋ ದೇಶದ ಕೆಂಪು ಪುಡಿ

ಒಂದು ಭಾಷೆಯನ್ನು ಪೂರ್ತಿ ಬಲ್ಲವನಿಂದ ಯಾರಿಗೂ ತೊಂದರೆಯಿಲ್ಲ. ಏನೇನೂ ಬಾರದವನಿಂದ ಮೊದಲೇ ಇಲ್ಲ. ಅವನು ಕೈಸನ್ನೆ ಮಾಡಿ, ನಾಲ್ಕು ಜನರ ಮುಖ ನೋಡಿ ನಕ್ಕು, ಸರಿಯಾದ ಬಸ್ಸನ್ನೇ ಹತ್ತಿ ಮನೆ ಸೇರುತ್ತಾನೆ. ಅಪಾಯವಿರುವುದು ಅರ್ಧ ಕಲಿತವನಿಂದ. ಅವನಿಗೆ ಸುಮ್ಮನಿರಲು ಬರುವುದಿಲ್ಲ. ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ನಾನು ಆ ಪಂಗಡದವನು. ನನ್ನ ಕೊಂಕಣಿ ಅರ್ಧ, ಮರಾಠಿ ಅರ್ಧ, ಹಿಂದಿಯಲ್ಲಿ ಗಂಡು ಹೆಣ್ಣಿನ ಗೊಂದಲ. ಒಮ್ಮೆ ಕುಕ್ಕರ್ ರಿಪೇರಿಗೆ ಕೊಟ್ಟು ಬರುವಾಗ ಆಡಿದ ಹಿಂದಿಗೆ ಆ ಅಂಗಡಿಯವನು ವಾರಗಟ್ಟಲೆ ನನ್ನನ್ನು ಕಂಡಾಗಲೆಲ್ಲ ಒಳಗೆ ಹೋಗಿ ನಕ್ಕು ಬರುತ್ತಿದ್ದ. ಇವೆಲ್ಲದರ ಮೇಲೆ ಕಳಸವಿಟ್ಟಂತೆ ನನ್ನ ಪೋರ್ಚುಗೀಸ್.

ಧಾರವಾಡದವನಾದ ನಾನು ಗೋವಾಕ್ಕೆ ಬಂದದ್ದು ಭೂಗೋಳದ ಮಾಸ್ತರನಾಗಿ. ಸಾಂಖಳಿಯಿಂದ ಘಟ್ಟದ ಕಡೆಗೆ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಒಂದು ಸಣ್ಣ ಊರು ಸಿಗುತ್ತದೆ. ಅಲ್ಲಿ ಒಂದು ಪುಟ್ಟ ಪುರಸಭೆ, ಒಂದು ಹೈಸ್ಕೂಲು, ಒಂದು ಬಸ್ ಸ್ಟ್ಯಾಂಡು, ಮೂರು ಬಾರು ಇವೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ನನಗೆ ಅಲ್ಲಿ ಯಾರೂ ಚಹಾ ಕೊಡುವುದಿಲ್ಲ. ಗೋವಾ ಎಂದ ಕೂಡಲೇ ಧಾರವಾಡದ ನೆಂಟರು ಸಮುದ್ರ ಹುಡುಕಿಕೊಂಡು ಟವೆಲ್ಲು ಹೆಗಲಿಗೆ ಹಾಕಿ ಬರುತ್ತಿದ್ದರು. ಅವರಿಗೆ ನಾನು ತೋರಿಸಬಹುದಾಗಿದ್ದು ಧೂಳು ಮಾತ್ರ. ಅದು ಅದಿರಿನ ಕಾಲ. ಬೆಳಗಿನಿಂದ ಸಂಜೆಯವರೆಗೆ ಟಿಪ್ಪರ್‌ಗಳು ಸಾಲುಗಟ್ಟಿ ಓಡುತ್ತಿದ್ದವು, ಊರಿಗೆ ಊರೇ ಕೆಂಪಗಾಗಿತ್ತು. ಬಿಳಿಯ ಪಂಚೆ ಒಣಹಾಕಿದರೆ ಸಂಜೆಗೆ ಕಾವಿಯಾಗಿರುತ್ತಿತ್ತು. ನಮ್ಮ ಮಾವನವರು ಬಂದ ಮೊದಲ ದಿನ ತಂತಿಯ ಮೇಲಿನ ನನ್ನ ಪಂಚೆ ನೋಡಿ ಮಗಳನ್ನು ಅಡುಗೆಮನೆಗೆ ಕರೆದು, "ಅಳಿಯಂದ್ರು ಸನ್ಯಾಸ ಗಿನ್ಯಾಸ ತಗೊಂಡಾರನವಾ?" ಎಂದು ಗುಟ್ಟಾಗಿ ಕೇಳಿದ್ದರು. "ಅಷ್ಟು ಪುಣ್ಯ ಎಲ್ಲಿಂದ ಬರಬೇಕಪ್ಪಾ," ಅಂದಿದ್ದಳಂತೆ ನನ್ನ ಹೆಂಡತಿ ಸುಧಾ.

ಪೋರ್ಚುಗೀಸ್ ಕಲಿಯುವ ಹುಚ್ಚು ಹತ್ತಿದ್ದು ಕುತೂಹಲದಿಂದ. ನಮ್ಮ ಊರಿನ ಮೇಲಿನ ಘಟ್ಟದ ಹಾದಿಯಲ್ಲಿ ಒಂದು ಮುರಿದ ಗೋಡೆ ಇದೆ. ಅದರ ನೆರಳಿನಲ್ಲಿ ದನ ಮಲಗಿರುತ್ತವೆ. ಅದೇನೆಂದು ಕೇಳಿದರೆ, ಪೋರ್ಚುಗೀಸರ ಕಾಲದ ಗಡಿ ಚೌಕಿ ಎಂದರು. ನಾನು ಬೆಚ್ಚಿದೆ. ಹದಿನೈದು ವರ್ಷದಿಂದ ಮಕ್ಕಳಿಗೆ ದೇಶದ ಗಡಿಗಳನ್ನು ಬೆತ್ತದ ತುದಿಯಿಂದ ತೋರಿಸುತ್ತ ಬಂದವನು ನಾನು. ನನ್ನ ಅಡುಗೆಮನೆ ಕಿಟಕಿಯಿಂದ ಕಾಣುವ ಗುಡ್ಡವೇ ಒಂದು ಕಾಲಕ್ಕೆ ಅಂತರರಾಷ್ಟ್ರೀಯ ಗಡಿಯಾಗಿತ್ತು, ಆಚೆಯ ಬೆಳಗಾವಿ ಸೀಮೆಯವರಿಗೆ ನಮ್ಮ ಪುರಸಭೆ ಪರದೇಶವಾಗಿತ್ತು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಹಳೆಯ ಕಾಗದಗಳನ್ನು ಓದಬೇಕೆಂಬ ಆಸೆ ಹುಟ್ಟಿತು. ಪಣಜಿಯಲ್ಲಿ ಶನಿವಾರದ ಕ್ಲಾಸಿಗೆ ಸೇರಿದೆ. ಮೂರು ತಿಂಗಳ ಕೋರ್ಸಿನಲ್ಲಿ ಬಸ್ಸು ತಪ್ಪಿ, ಶಾಲೆಯ ಕೆಲಸ ಬಂದು, ನೆಗಡಿಯಾಗಿ, ನಾನು ಕೂತದ್ದು ಐದು ಶನಿವಾರ. ಆದರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಹೇಳುವಾಗ ಯಾರು ಶನಿವಾರಗಳನ್ನು ಎಣಿಸುತ್ತಾರೆ? "ಪೋರ್ಚುಗೀಸ್ ಅಂಥಾ ಕಠಿಣ ಅಲ್ಲ, ಇಂಗ್ಲಿಷ್ ಬಂದರೆ ಅರ್ಧ ಬಂದಂತೆಯೇ," ಎಂದು ನಾನು ಆಗಾಗ ಹೇಳುತ್ತಿದ್ದೆ. ಆ ಮಾತು ಚಹಾದಂಗಡಿಯಿಂದ ಪುರಸಭೆಗೆ ಹೋಗಲು ರಸ್ತೆ ದಾಟಿದರೆ ಸಾಕು.

ಒಂದು ಮಧ್ಯಾಹ್ನ ಪುರಸಭೆಯ ಪ್ಯೂನ್ ಶಾಲೆಗೆ ಬಂದು, ಚೇರ್ಮನ್ನರು ಕರೆಯುತ್ತಿದ್ದಾರೆ, ಈಗಲೇ ಬರಬೇಕು ಎಂದ. ಹೋದೆ. ಚೇರ್ಮನ್ನರ ಮೇಜಿನ ಮೇಲೆ ಹೊರದೇಶದ ಸ್ಟ್ಯಾಂಪಿನ ಒಂದು ಲಕೋಟೆ. ಸುತ್ತಲೂ ನಾಲ್ಕು ಜನ ಸದಸ್ಯರು ಅದನ್ನು ಹಾವು ನೋಡಿದಂತೆ ನೋಡುತ್ತ ನಿಂತಿದ್ದರು. ಪೋರ್ಚುಗಲ್ಲಿನ ಯಾವುದೋ ಪುರಸಭೆಯಿಂದ ನಮ್ಮ ಪುರಸಭೆಗೆ ಬಂದ ಕಾಗದ. ತಲೆಯ ಮೇಲೆ ಮುದ್ರೆ, ಕೆಳಗೆ ಸಹಿ, ನಡುವೆ ಒಂದೂವರೆ ಪುಟ ಪೋರ್ಚುಗೀಸ್.

"ಸರ್, ಕಿತೆಂ ಬರಯ್ಲಾಂ?" ಏನು ಬರೆದಿದ್ದಾರೆ ಎಂದು ಚೇರ್ಮನ್ನರು ಕುರ್ಚಿ ಸರಿಸಿಕೊಟ್ಟರು. ಆಗಲೇ ಚಹಾ, ಜೊತೆಗೆ ಒಂದು ಪ್ಲೇಟು ಬಿಸ್ಕಿಟ್ಟು ಬಂತು. ಬಿಸ್ಕಿಟ್ಟು ತಿಂದ ಮೇಲೆ ಗೊತ್ತಿಲ್ಲ ಎನ್ನುವುದು ಸಭ್ಯತೆಯಲ್ಲ. ಓದಿದೆ. ಓದಿದೆ ಎಂದರೆ ಅಲ್ಲಲ್ಲಿ ಪರಿಚಯದ ಮುಖ ಹುಡುಕಿದೆ. ನಮ್ಮದು ಸಣ್ಣ ಊರು, ಸ್ಪೇನಿನ ಗಡಿಯ ಹತ್ತಿರವಿದೆ ಎಂಬುದು ಮೊದಲ ಸಾಲಿನಲ್ಲೇ ತಿಳಿಯಿತು. ಇದು ಸರಿಯಾಗಿಯೇ ಇತ್ತು, ಕೆಟ್ಟದ್ದು ಅದರಿಂದಲೇ, ನನ್ನ ಧೈರ್ಯ ಹೆಚ್ಚಿತು. ಮುಂದೆ ಕೆಂಪು ಪುಡಿ ಎಂಬ ಎರಡು ಪದ. ಪಣಜಿಯ ಕ್ಲಾಸಿನ ಹಣ್ಣಿನ ಪಾಠದಲ್ಲಿ ಬಣ್ಣಗಳೂ ಬಂದಿದ್ದರಿಂದ ಕೆಂಪು ನನಗೆ ಖಚಿತ. ಅದರ ಹಿಂದೆಯೇ 'ಪ್ರೊವಾರ್' ಎಂದಿತ್ತು. ಇಂಗ್ಲಿಷಿನ ಪ್ರೂವ್ ಇದ್ದಂತಿದೆ, ಎಂದರೆ ಪರೀಕ್ಷೆ. ಇನ್ನೊಂದು ಕಡೆ 'ಸೊಲ್ದಾದು'. ಸೋಲ್ಡ್! ಮಾರಾಟ. ಎರಡನೆಯ ಪುಟದಲ್ಲಿ ದೊಡ್ಡ ಅಕ್ಷರದಿಂದ ಶುರುವಾದ ಟೋಗೋ. ಭೂಗೋಳದ ಮಾಸ್ತರನಿಗೆ ಟೋಗೋ ಗೊತ್ತಿರದೆ ಏನು? ಪಶ್ಚಿಮ ಆಫ್ರಿಕದ ಸಣ್ಣ ಕರಾವಳಿ ದೇಶ. ಅದರ ಪಕ್ಕ 'ಟೀನು' ಎಂದಿತ್ತು. ಅದು ಯಾರೋ ವ್ಯಾಪಾರಿಯ ಹೆಸರಿರಬೇಕು.

ನಾನು ಕನ್ನಡಕ ತೆಗೆದು ಒರೆಸಿ ಹೇಳಿದೆ: "ಇವರಿಗೆ ನಮ್ಮ ಕೆಂಪು ಪುಡಿ ಬೇಕಂತೆ. ಮತ್ತೊಮ್ಮೆ ಪರೀಕ್ಷೆ ಮಾಡಿ ನೋಡುತ್ತಾರಂತೆ. ಟೋಗೋದ ಟೀನು ಎಂಬವರಿಗೆ ಈಗಾಗಲೇ ಮಾರಾಟವಾಗಿದೆ."

ಕೂಡಲೇ ಒಬ್ಬ ಸದಸ್ಯರು, "ಓರ್!" ಅಂದರು. ಅದಿರಿಗೆ ಊರವರೆಲ್ಲ ಇಂಗ್ಲಿಷ್ ಪದವನ್ನೇ ಬಳಸುತ್ತಿದ್ದರು. ಚೇರ್ಮನ್ನರಿಗೇ ನಾಲ್ಕು ಟಿಪ್ಪರ್ ಇದ್ದವು. ಅವರ ಮುಖ ಟಿಪ್ಪರಿನ ಹೆಡ್‌ಲೈಟಿನಂತೆ ಬೆಳಗಿತು. ಮಧ್ಯವರ್ತಿಗಳಿಲ್ಲದೆ, ಪುರಸಭೆಯಿಂದ ಪುರಸಭೆಗೆ ನೇರ ವ್ಯವಹಾರ! ಮುಂದಿನ ಒಂದು ವಾರ ಊರು ಊರಾಗಿ ಉಳಿಯಲಿಲ್ಲ. ಮೂರು ಗಾಜಿನ ಬಾಟಲಿಗಳಲ್ಲಿ ಮೂರು ಗುಡ್ಡದ ಮಣ್ಣು ತುಂಬಿ ಚೀಟಿ ಅಂಟಿಸಿದರು. ವಿದೇಶೀ ನಿಯೋಗ ಬಂದರೆ ಎಂದು ಪುರಸಭೆಯ ಶೌಚಾಲಯಕ್ಕೆ ಚಿಲಕ ಹಾಕಿಸಿದರು. ಆ ಚಿಲಕಕ್ಕಾಗಿ ಸಿಬ್ಬಂದಿ ಬಹಳ ಕಾಲದಿಂದ ಅರ್ಜಿ ಕೊಡುತ್ತಿದ್ದರಂತೆ. ನಮ್ಮ ಹೆಡ್‌ಮಾಸ್ತರರು, ಮಕ್ಕಳಿಗೆ ಒಂದು ಪೋರ್ಚುಗೀಸ್ ಸ್ವಾಗತಗೀತೆ ಕಲಿಸಿ ಎಂದರು. ನನಗೆ ಬರುತ್ತಿದ್ದುದು ಹಣ್ಣಿನ ಹೆಸರುಗಳು. ಅವನ್ನೇ ರಾಗವಾಗಿ ಹೇಳಿಸಲು ಶುರುಮಾಡಿದೆ. ಬೀದಿಯಲ್ಲಿ ಹೋಗುವಾಗ ಜನ ನಮಸ್ಕಾರ ಮಾಡತೊಡಗಿದರು. ನನ್ನ ಜೀವನದಲ್ಲಿ ಭೂಗೋಳಕ್ಕೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಸುಧಾ ಮಾತ್ರ ನಂಬಲಿಲ್ಲ. "ಕುಕ್ಕರ್ ಕೊಟ್ಟು ಬರ್ರಿ ಅಂದ್ರ ಅಲ್ಲೇ ಅಷ್ಟು ಘೋಟಾಳಾ ಮಾಡಿ ಬಂದೀರಿ. ಈಗ ಎರಡು ದೇಶದ ನಡುವ ಕೂತೀರಿ. ಸ್ವಲ್ಪ ನೋಡ್ಕೊಂಡು ಮಾಡ್ರಿ," ಎಂದಳು. ನಾನು ದೊಡ್ಡವರ ಧಾಟಿಯಲ್ಲಿ ನಕ್ಕೆ. ಆದರೆ ಒಳಗೊಳಗೆ ಒಂದು ಪದ ನನ್ನನ್ನು ಕಚ್ಚುತ್ತಿತ್ತು. ಕೆಂಪು ಪುಡಿಯ ಪಕ್ಕದಲ್ಲೇ ಇದ್ದ 'ಆಲ್ಯು' ಎಂಬ ಪದವನ್ನು ನಾನು ಅಂದು ಹಾರಿಸಿ ಓದಿದ್ದೆ. ಬಾಟಲಿಗಳನ್ನು ಅಂಚೆಗೆ ಹಾಕುವ ಹಿಂದಿನ ದಿನ, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ನಿಘಂಟು ತೆಗೆದೆ. ಆಲ್ಯು ಎಂದರೆ ಬೆಳ್ಳುಳ್ಳಿ.

ಅದಿರಿನಲ್ಲಿ ಬೆಳ್ಳುಳ್ಳಿ ಯಾಕೆ ಬಂತು? ಭೂಗೋಳದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಾಗದದ ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡು ಪುಂಡಲೀಕಬಾಬರ ಮನೆಗೆ ಓಡಿದೆ. ಪುಂಡಲೀಕಬಾಬರು ಪೋರ್ಚುಗೀಸರ ಕಾಲದಲ್ಲಿ ಇದೇ ಊರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಆಗ ಎಂಬತ್ತರ ಹತ್ತಿರ. ಊರಿನಲ್ಲಿ ಪೋರ್ಚುಗೀಸ್ ನಿಜವಾಗಿ ಬರುತ್ತಿದ್ದುದು ಅವರೊಬ್ಬರಿಗೇ. ಅವರನ್ನು ಮೊದಲೇ ಯಾಕೆ ಕೇಳಲಿಲ್ಲ ಎಂದರೆ, ಎರಡೂ ಕಣ್ಣಿಗೆ ಮೋತಿಬಿಂದು, ಎಂದರೆ ಪೊರೆ, ಬಂದು ಅವರಿಗೆ ಓದಲು ಆಗುತ್ತಿರಲಿಲ್ಲ. ಅಲ್ಲದೆ ಓದಲು ನಾನಿದ್ದೆನಲ್ಲ. ಈಗ ನಾನು ಗಟ್ಟಿಯಾಗಿ ಓದುವುದು, ಅವರು ಅರ್ಥ ಹೇಳುವುದು ಎಂದಾಯಿತು. ಅವರು ಆಡಿದ್ದು ಕೊಂಕಣಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೊದಲೆರಡು ಸಾಲಿಗೆ, "ಸರ್, ನೀವು ಓದುತ್ತಿರುವುದು ಪೋರ್ಚುಗೀಸೇ ಹೌದಾ?" ಎಂದರು. ಆಮೇಲೆ ನನ್ನ ಉಚ್ಚಾರಕ್ಕೆ ಒಗ್ಗಿಕೊಂಡು, ಕಣ್ಣು ಮುಚ್ಚಿ, ತೂಗುಮಂಚದಲ್ಲಿ ಸಣ್ಣಗೆ ತೂಗುತ್ತ ಬಿಡಿಸಿ ಹೇಳತೊಡಗಿದರು. ಸೊಲ್ದಾದು ಎಂದರೆ ಮಾರಾಟವಲ್ಲ, ಸಿಪಾಯಿ. ಪ್ರೊವಾರ್ ಎಂದರೆ ಇಲ್ಲಿ ಪರೀಕ್ಷೆಯಲ್ಲ, ರುಚಿ ನೋಡುವುದು.

ಕಾಗದದಲ್ಲಿ ಇದ್ದದ್ದು ಇಷ್ಟು. ಅವರದು ಸಣ್ಣ ಹಳ್ಳಿಗಾಡಿನ ಪುರಸಭೆ, ಊರ ಹೊಳೆ ದಾಟಿದರೆ ಸ್ಪೇನ್. ಅಲ್ಲಿ ಜುವಾಕಿಂ ಎಂಬ ಮುದುಕ ದಿನಾ ಬೆಳಿಗ್ಗೆ ಬಂದು ಪುರಸಭೆಯ ಬೆಂಚಿನ ಮೇಲೆ ಕೂತು, ಒಂದೇ ಅಹವಾಲು ಹೇಳುತ್ತಾನೆ. ಕಚೇರಿಯ ಕೆಲಸ ಇದಲ್ಲವೆಂದು ಎಷ್ಟು ಹೇಳಿದರೂ ಏಳುವುದಿಲ್ಲ, ಆದ್ದರಿಂದ ಬರೆದುಬಿಡುವುದೇ ಸುಲಭವೆಂದು ಬರೆಯುತ್ತಿದ್ದೇವೆ, ಕ್ಷಮಿಸಿ. ಈತ ಪ್ರಾಯದಲ್ಲಿ ಸಿಪಾಯಿಯಾಗಿ ನಿಮ್ಮ ಊರ ಮೇಲಿನ ಗಡಿ ಚೌಕಿಯಲ್ಲಿದ್ದ. ಒಮ್ಮೆ ಕೆಳಗಿನಿಂದ ಮೂರು ದಿನ ರೇಷನ್ ಬರಲಿಲ್ಲ, ಮೈಯಲ್ಲಿ ಜ್ವರ ಬೇರೆ. ಆಗ ಆಚೆ ಕಡೆಗೆ ಹೋಗುತ್ತಿದ್ದ ಒಬ್ಬ ಹುಡುಗಿ ಬುಟ್ಟಿ ಇಳಿಸಿ, ತೆಳ್ಳಗಿನ ಒಣ ರೊಟ್ಟಿಯನ್ನೂ ಬೆಳ್ಳುಳ್ಳಿಯ ವಾಸನೆಯ ಒಂದು ಕೆಂಪು ಪುಡಿಯನ್ನೂ ಕೊಟ್ಟಳು. ಮರುದಿನವೂ ಕೊಟ್ಟಳು. ಅವಳ ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ ಇತ್ತು. ಅವಳು ಬದುಕಿದ್ದಾಳೆಯೇ, ಆ ಪುಡಿಯನ್ನು ಇನ್ನೊಮ್ಮೆ ರುಚಿ ನೋಡಬಹುದೇ ಎಂದು ಜುವಾಕಿಂ ಕೇಳುತ್ತಾನೆ. ಅವಳು ಆಡಿದ ಎರಡು ಮಾತು ಅವನಿಗೆ ಇಂದಿಗೂ ನೆನಪಿದೆ, ಅರ್ಥ ಗೊತ್ತಿಲ್ಲ: ಟೋಗೋ ಟೀನು.

"ಇದು ಪೋರ್ಚುಗೀಸ್ ಅಲ್ಲ," ಎಂದರು ಪುಂಡಲೀಕಬಾಬರು. "ಕೊಂಕಣಿಯೂ ಅಲ್ಲ, ಮರಾಠಿಯೂ ಅಲ್ಲ."

"ಟೋಗೋ ಒಂದು ದೇಶ," ಎಂದೆ, ಇನ್ನೂ ಪೂರ್ತಿ ಸೋಲೊಪ್ಪದೆ.

ಅವರು ಕಣ್ಣು ಬಿಟ್ಟು ನನ್ನತ್ತ ನೋಡಿದರು. ಕಾಣದಿದ್ದರೂ ನೋಡಿದರು.

ದಾರಿಯುದ್ದಕ್ಕೂ ಟೋಗೋ ಟೀನು, ಟೋಗೋ ಟೀನು ಎಂದು ಗೊಣಗುತ್ತ ಮನೆಗೆ ಬಂದೆ. ತಾಟಿನ ಮುಂದೆ ಕೂತರೂ ಅದೇ ಜಪ. ಸುಧಾ ಪಲ್ಯ ಬಡಿಸುತ್ತಿದ್ದವಳು ಸೌಟು ತಡೆದು, "ಯಾರಿಗೆ ಅನ್ನಾಕತ್ತೀರಿ?" ಎಂದಳು.

"ಯಾರಿಗೂ ಅಲ್ಲ. ಯಾಕ?"

"ಮತ್ತ ತಗೋ ತಿನ್ನು, ತಗೋ ತಿನ್ನು ಅನ್ನಾಕತ್ತೀರಲ್ಲ! ಬಡಿಸೋಕಿ ನಾನು, ತಿನ್ನೋರು ನೀವು. ಉಲ್ಟಾ ಆತಲ್ಲ?"

ತುತ್ತು ಕೈಯಲ್ಲೇ ಉಳಿಯಿತು. ಆಫ್ರಿಕದ ಕರಾವಳಿಯವರೆಗೆ ಹೋಗಿಬಂದ ನನಗೆ ನನ್ನ ತಾಯಿಯ ಮಾತು ಕೇಳಿಸಿರಲಿಲ್ಲ. ಕಾಗದದಲ್ಲಿ ನನಗೆ ನಿಜವಾಗಿ ಅರ್ಥವಾಗಬೇಕಿದ್ದ ಮಾತು ಎರಡೇ ಎರಡು, ಇಡೀ ಪುರಸಭೆಯಲ್ಲಿ ನನಗೊಬ್ಬನಿಗೇ ಅರ್ಥವಾಗಬಹುದಾದ ಮಾತು. ಅವೆರಡನ್ನೇ ನಾನು ವಿದೇಶಕ್ಕೆ ಕಳಿಸಿದ್ದೆ. ಸುಧಾಗೆ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೊನೆಗೆ, "ಪಾಪ. ಇಷ್ಟು ವರ್ಷ ನೆನಪಿಟ್ಟಾನ ನೋಡ್ರಿ," ಎಂದಳು. "ಆಕಿನ್ನ ಹುಡುಕಬೇಕ್ರಿ."

ಚೇರ್ಮನ್ನರಿಗೆ ವಿಷಯ ಹೇಳುವುದು ನನ್ನ ಜೀವನದ ಕಠಿಣ ಪಾಠಗಳಲ್ಲಿ ಒಂದು. ಅವರು ಬಹಳ ಹೊತ್ತು ಬಾಟಲಿಗಳನ್ನು ನೋಡಿದರು. ಕೊನೆಗೆ, "ಚಟ್ನಿ?" ಎಂದರು. "ಚಟ್ನಿ," ಎಂದೆ. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಆದರೆ ಅಂದು ಬಿಸ್ಕಿಟ್ಟು ಬರಲಿಲ್ಲ.

ಇನ್ನು ಹುಡುಕಾಟ. ಬೆಳಗಾವಿ, ಖಾನಾಪುರ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು ಬಸ್ ಸ್ಟ್ಯಾಂಡಿನ ಹಿಂದೆ ಸಾಲು ಮನೆಗಳಲ್ಲಿದ್ದವು. ಭಾನುವಾರ ಹೋಗಿ, ಕಂಡ ಮುದುಕಿಯರನ್ನೆಲ್ಲ ನೇರವಾಗಿ ಕೇಳಿದೆ: "ಅಜ್ಜೀ, ನೀವು ಪೋರ್ಚುಗೀಸರ ಕಾಲದಾಗ ಗಡಿ ದಾಟಿ ಮಾಲು ಸಾಗಸ್ತಿದ್ರೇನು?" ಕೈಯಲ್ಲಿ ಬರೆದುಕೊಳ್ಳಲು ನೋಟ್‌ಬುಕ್ಕು ಬೇರೆ. ಮೊದಲ ಮುದುಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡನೆಯವಳು, ತಾನು ಗೋವಾಕ್ಕೆ ಬಂದದ್ದೇ ನಿನ್ನೆ ಎಂದಳು. ಮೂರನೆಯ ಮನೆಗೆ ತಲುಪುವಷ್ಟರಲ್ಲಿ ಮನೆ ಖಾಲಿ ಮಾಡಿಸಲು ಸರಕಾರದವನು ಬಂದಿದ್ದಾನೆ ಎಂದು ಸುದ್ದಿ ಹಬ್ಬಿ, ಇಡೀ ಸಾಲಿನಲ್ಲಿ ಒಂದು ಕೋಳಿಯೂ ಹೊರಗಿರಲಿಲ್ಲ. ಸುಧಾಗೆ ಹೇಳಿದರೆ, "ನೀವು ಸುಮ್ನ ಮನ್ಯಾಗ ಕೂಡ್ರಿ. ನಾ ಹೋಗಿ ಬರತೇನಿ," ಎಂದು ಚೀಲ ತೆಗೆದುಕೊಂಡಳು. ಅವಳು ಯಾರನ್ನೂ ಗಡಿಯ ಬಗ್ಗೆ ಕೇಳಲಿಲ್ಲ. ಬೆಳ್ಳುಳ್ಳಿ ಚಟ್ನಿಪುಡಿ ಈ ಹವೆಗೆ ಮೆತ್ತಗಾಗ್ತದ, ಕೆಡದಂಗ ಯಾರು ಮಾಡ್ತಾರ ಇಲ್ಲೆ, ಎಂದು ಕೇಳಿದಳಷ್ಟೇ. ಒಂದು ತಾಸಿನೊಳಗೆ ಹತ್ತು ಬಗೆಯ ಚಟ್ನಿಯ ವಿಧಾನ, ಎರಡು ಮದುವೆಯ ಸಂಬಂಧ ಮತ್ತು ಹಳೇ ಕಾಲದಲ್ಲಿ ಘಟ್ಟ ಹತ್ತಿಳಿಯುತ್ತಿದ್ದ ನೀಲವ್ವ ಎಂಬ ಮುದುಕಿಯ ಹೆಸರು ಹೊತ್ತುಕೊಂಡು ಬಂದಳು.

ನೀಲವ್ವ ಮಗಳ ಜೊತೆ ಊರಾಚೆಯ ಮನೆಯಲ್ಲಿದ್ದಳು. ಎಪ್ಪತ್ತರ ಆಸುಪಾಸು, ಒಣಗಿದ ಕಟ್ಟಿಗೆಯಂತೆ ಗಟ್ಟಿ. ಗದ್ದದ ಮೇಲೆ ಮೂರು ಚುಕ್ಕಿ ಸುಕ್ಕಿನೊಳಗೆ ಸೇರಿ ಹೋಗಿದ್ದರೂ ಎಣಿಸಬಹುದಿತ್ತು. ನಾನು ಕಾಗದದ ವಿಷಯ ಹೇಳಿದೆ. ಅವಳು ಮೊರದಲ್ಲಿ ಜೋಳ ಕೇರುತ್ತಿದ್ದ ಕೈ ನಿಲ್ಲಿಸಲಿಲ್ಲ. 'ತಗೋ ತಿನ್ನು' ಎಂದಾಗ ಮಾತ್ರ ನಿಂತಿತು.

"ಅಂವಾ ಪಾಖಲೋ ಇನ್ನಾ ಅದಾನ?" ಎಂದಳು. ಪೋರ್ಚುಗೀಸ್ ಸಿಪಾಯಿಯನ್ನು ಇಲ್ಲಿಯವರು ಕರೆಯುತ್ತಿದ್ದ ಹೆಸರು ಅದು.

"ಅದಾನ. ನಿನ್ನ ಉಪಕಾರ ನೆನಸಿ ದಿನಾ ಕಚೇರಿಗೆ ಬಂದು ಕೂಡತಾನಂತ."

ಅವಳು ಮೊರ ಕೆಳಗಿಟ್ಟು, ಹೊರಗೆ ಯಾರಾದರೂ ಇದ್ದಾರೇನೋ ಎಂದು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಮಾಸ್ತರ, ಈಗ ಹೇಳಿದ್ರ ಜೇಲಿಗೆ ಹಾಕ್ತಾರನು?"

"ಯಾತಕ್ಕ?"

"ಉಪಕಾರ ಎಲ್ಲೀದು ಯಪ್ಪಾ? ಬುಟ್ಟಿ ತಳದಾಗ ಗಡಿಯಾರ ಇದ್ದುವು. ಕೈಗಡಿಯಾರ. ನಾವು ಘಟ್ಟದ ಮ್ಯಾಲಿಂದ ಉಳ್ಳಾಗಡ್ಡಿ, ಬಟಾಟಿ ತಂದು ಇಲ್ಲಿ ಮಾರೂದು, ಹೋಗುವಾಗ ಫಾರಿನ್ ಗಡಿಯಾರ ಒಯ್ಯೂದು. ಆವತ್ತ ಅಂವಾ ಅಡ್ಡ ಬಂದು ನಿಂತ. ಬುಟ್ಟಿ ಇಳಸು ಅಂದ. ನನ್ನ ಜೀವ ಬಾಯಿಗೆ ಬಂತು. ಮ್ಯಾಲ ಬುತ್ತಿ ಇತ್ತು. ತಳ ನೋಡಬಾರದಂತ ಬುತ್ತೀನ ಬಿಚ್ಚಿ ಮಾರಿ ಮುಂದ ಹಿಡದೆ. ತಗೋ, ತಿನ್ನು ಅಂದೆ. ಸಿಟ್ಟಿನಾಗ ಅಂದೆ ಖರೇ ಹೇಳಬೇಕಂದ್ರ. ಅಂವಾ ತಿನಕೋತ ಕೂತ, ನಾ ಓಡಿದೆ."

ನಾನೂ ಸುಧಾನೂ ಮುಖ ಮುಖ ನೋಡಿಕೊಂಡೆವು. ಐವತ್ತು ವರ್ಷದ ಕೃತಜ್ಞತೆ ಹೀಗೆ ಒಂದು ಮಾತಿನಲ್ಲಿ ಕಳಚಿ ಬಿದ್ದಿತ್ತು. ಸುಧಾ ಅವಳ ಹತ್ತಿರ ಸರಿದು, "ಮರದಿನಾನೂ ಕೊಟ್ಟೀಯಂತಲ್ಲ ಯವ್ವಾ? ಅವತ್ತೂ ಗಡಿಯಾರ ಇದ್ದುವೇನು?" ಎಂದು ಕೇಳಿದಳು.

ನೀಲವ್ವ ಮತ್ತೆ ಮೊರ ಎತ್ತಿಕೊಂಡಳು. "ಇಲ್ಲ. ಅವತ್ತ ಏನೂ ಇರಲಿಲ್ಲ."

"ಮತ್ಯಾಕ ಕೊಟ್ಟಿ?"

"ಹಿಂದಿನ ದಿನ ನೋಡಿದ್ನೆಲ್ಲಾ, ಅಂವನ ಬೂಟಿನ ಲಾಡಿ ಹರದಿತ್ತು. ಅದಕ್ಕ ಬಳ್ಳಿ ಕಟಗೊಂಡಿದ್ದ. ನಮ್ಮ ತಮ್ಮನೂ ಚಪ್ಪಲಿ ಹರದ್ರ ಹಂಗ ಕಟಗೋತಿದ್ದ. ರಾತ್ರಿ ಊಟಕ್ಕ ಕೂತಾಗ ಅದ ನೆನಪಾತು. ಎರಡು ರೊಟ್ಟಿ ಹೆಚ್ಚಿಗಿ ಬಡದೆ." ಅಷ್ಟು ಹೇಳಿ, ಜೋಳದಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದಳು.

ಉತ್ತರದಲ್ಲಿ ಏನು ಬರೆಯಬೇಕು? ಗಡಿಯಾರದ ಮಾತು ಬಿಟ್ಟುಬಿಡೋಣ, ಮುದುಕನ ಮನಸ್ಸು ಯಾಕೆ ನೋಯಿಸಬೇಕು ಎಂಬುದು ನನ್ನ ವಾದ. ಸುಧಾಗೂ ಹಾಗೇ ಅನಿಸಿತ್ತು. ನೀಲವ್ವ ಒಪ್ಪಲಿಲ್ಲ. "ಎರಡೂ ಬರೀರಿ ಮಾಸ್ತರ. ಮೊದಲ ದಿನದ್ದು ಬರದ್ರ ಎರಡನೇ ದಿನದ್ದು ಖರೇ ಅಂತ ಅನಸ್ತೈತಿ. ಬರೀ ಚಲೋದ ಬರದ್ರ ಯಾರು ನಂಬತಾರ?" ಎಂದಳು. ಇಷ್ಟು ತರ್ಕ ನನಗೆ ಬಿ.ಎಡ್‌ನಲ್ಲೂ ಯಾರೂ ಕಲಿಸಿರಲಿಲ್ಲ.

ಪುಂಡಲೀಕಬಾಬರಿಂದ ಬರೆಸೋಣವೆಂದರೆ, ಅವರ ಮಗಳು ಕಣ್ಣಿನ ಆಪರೇಶನ್ನಿಗೆಂದು ಅವರನ್ನು ಫೋಂಡಾಕ್ಕೆ ಕರೆದೊಯ್ದಿದ್ದಳು, ಬರಲು ಎರಡು ತಿಂಗಳು. ಜುವಾಕಿಂನ ವಯಸ್ಸು ಎರಡು ತಿಂಗಳು ಕಾಯುವ ವಯಸ್ಸೋ ಅಲ್ಲವೋ. ಕಾಯಬಾರದೆಂದು ನಾನೇ ಬರೆಯಲು ಕೂತೆ. ಕಾಯಬಾರದೆನ್ನುವುದು ಒಂದು ಕಾರಣ. ಹೋದ ಮಾನ ಮರಳಿ ಗಳಿಸಬೇಕೆನ್ನುವುದು ಇನ್ನೊಂದು. ತೊಂದರೆಯೆಂದರೆ, ನಾನು ಕೂತ ಐದು ಶನಿವಾರಗಳಲ್ಲಿ ಭೂತಕಾಲ ಬಂದಿರಲಿಲ್ಲ. ನನ್ನ ಪೋರ್ಚುಗೀಸಿನಲ್ಲಿ ಎಲ್ಲವೂ ಈಗ ನಡೆಯುತ್ತದೆ. ಆದ್ದರಿಂದ ನಾಲ್ಕು ಸಂಜೆ ನಿಘಂಟಿನೊಡನೆ ಹೋರಾಡಿ ಬರೆದ ಕಾಗದ ಸುಮಾರು ಹೀಗಿತ್ತು: "ನಾನು ನೀಲವ್ವ. ನಾನು ಇದ್ದೇನೆ. ಮೊದಲ ದಿನ ನಾನು ರೊಟ್ಟಿ ಕೊಡುತ್ತೇನೆ. ಬುಟ್ಟಿಯ ಕೆಳಗೆ ಗಡಿಯಾರಗಳು ಇವೆ. ನಾನು ಒಳ್ಳೆಯವಳು ಅಲ್ಲ. ನನಗೆ ಭಯ ಇದೆ. ಎರಡನೆಯ ದಿನ ಗಡಿಯಾರಗಳು ಇಲ್ಲ. ನಿನ್ನ ಬೂಟು ಹರಿದಿದೆ. ನಾನು ಎರಡು ರೊಟ್ಟಿ ಹೆಚ್ಚು ಮಾಡುತ್ತೇನೆ." ಜೊತೆಗೆ ನೀಲವ್ವ ಕುಟ್ಟಿಕೊಟ್ಟ ಚಟ್ನಿಪುಡಿಯ ಒಂದು ಡಬ್ಬಿ. ಚೇರ್ಮನ್ನರು, ಹೇಗೂ ಅಂಚೆಗೆ ಹೋಗುತ್ತಿದೆಯಲ್ಲ ಎಂದು, ಒಂದು ಬಾಟಲಿ ಅದಿರನ್ನೂ ಪೊಟ್ಟಣದಲ್ಲಿ ಸೇರಿಸಿದರು. ಎರಡೂ ಕೆಂಪು. ನನಗೆ ಗಾಬರಿಯಾಗಿ ಬಾಟಲಿಯ ಮೇಲೆ 'ಇದನ್ನು ತಿನ್ನುವುದಿಲ್ಲ' ಎಂದು ಎರಡು ಸಲ ಬರೆದೆ.

ಉತ್ತರ ಬಂದದ್ದು ಮಳೆಗಾಲ ಶುರುವಾದ ಮೇಲೆ, ಒಂದು ದಪ್ಪ ಪೊಟ್ಟಣವಾಗಿ. ಅಷ್ಟರಲ್ಲಿ ಪುಂಡಲೀಕಬಾಬರು ಹೊಸ ಕಣ್ಣು ಹಾಕಿಸಿಕೊಂಡು ಮರಳಿದ್ದರು. ಪುರಸಭೆಯ ಸಭಾಂಗಣದಲ್ಲಿ ಅವರೇ ಓದುವುದೆಂದಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ನೀಲವ್ವ ತೊಳೆದ ಇಳಕಲ್ ಸೀರೆ ಉಟ್ಟು ಮಗಳ ಜೊತೆ ಬಂದು, ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕೂತಳು. ಪುಂಡಲೀಕಬಾಬರು ಒಂದೊಂದು ಸಾಲು ಓದಿ ಕೊಂಕಣಿಯಲ್ಲಿ ಹೇಳುವುದು, ನಾನು ಅದನ್ನು ಕನ್ನಡಕ್ಕೆ ದಾಟಿಸುವುದು. ಕೊಂಕಣಿಯಲ್ಲಿ ಅರ್ಧದಷ್ಟಾದರೂ ನನಗೆ ಹಕ್ಕಿತ್ತಲ್ಲ.

ಜುವಾಕಿಂ ಹೇಳಿ ಬರೆಸಿದ್ದ: ಗಡಿಯಾರದ ವಿಷಯ ನನಗೆ ಅಂದೇ ಗೊತ್ತಿತ್ತು. ನಮ್ಮದು ಗಡಿಯ ಊರು. ನಮ್ಮ ತಾಯಿ ಬ್ರೆಡ್ಡಿನ ಬುಟ್ಟಿಯ ಕೆಳಗೆ ಕಾಫಿ ಬಚ್ಚಿಟ್ಟು ಹೊಳೆ ದಾಟಿ ಸ್ಪೇನಿಗೆ ಸಾಗಿಸಿಯೇ ನಮ್ಮನ್ನು ಸಾಕಿದಳು. ಬರೀ ರೊಟ್ಟಿ ತುಂಬಿದ ಬುಟ್ಟಿ ಹೊತ್ತವಳ ಕತ್ತು ಭಾರಕ್ಕೆ ಹಾಗೆ ಬಿಗಿದಿರುವುದಿಲ್ಲ. ಆದರೆ ಎರಡನೆಯ ದಿನ ಅವಳು ಬಂದಾಗ ಬುಟ್ಟಿ ಹಗುರವಾಗಿತ್ತು. ಅದನ್ನೂ ನೋಡಿದೆ. ಇಷ್ಟು ವರ್ಷ ನಾನು ನೆನೆಸುತ್ತಿರುವುದು ಎರಡನೆಯ ದಿನದ ರೊಟ್ಟಿಯನ್ನು. ಪುಡಿ ಅದೇ ರುಚಿ ಇದೆ, ಈಗ ಹಲ್ಲಿಲ್ಲವಾದ್ದರಿಂದ ಎಣ್ಣೆ ಕಲಸಿಕೊಂಡು ತಿನ್ನುತ್ತಿದ್ದೇನೆ.

ನಾನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ನೀಲವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಆಮೇಲೆ ಒಮ್ಮೆಲೇ ಮುಖ ಅರಳಿಸಿ, "ಹಾಳಾದಾಂವ! ಗೊತ್ತಿತ್ತೇನ ಅವಂಗ!" ಎಂದು ತೊಡೆ ತಟ್ಟಿಕೊಂಡು ನಕ್ಕಳು. "ನಾ ಸುಳ್ಳ ಓಡಿದ್ನೆಲ್ಲಾ!" ಕನ್ನಡ ಬಾರದ ಚೇರ್ಮನ್ನರೂ ನಕ್ಕರು. ಸುಧಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೆಳಗೆ ಆ ಪುರಸಭೆಯ ಗುಮಾಸ್ತನ ಕೈಯ ಒಂದು ಟಿಪ್ಪಣಿ ಇತ್ತು. ಕೆಂಪು ಮಣ್ಣಿನ ಬಾಟಲಿಯನ್ನು ಕಚೇರಿಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇವೆ, ಸೂಚನೆಯಂತೆ ಯಾರೂ ತಿಂದಿಲ್ಲ. ಪುಂಡಲೀಕಬಾಬರು ಮುಂದಿನ ಸಾಲಿಗೆ ಬಂದು, ನನ್ನತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು. "ಕೊನೆಯದಾಗಿ, ಆ ಅಜ್ಜಿಗಾಗಿ ಕಾಗದ ಬರೆದುಕೊಟ್ಟ ಮಗುವಿಗೆ ನಮ್ಮ ಕಚೇರಿಯ ಎಲ್ಲರ ಆಶೀರ್ವಾದ. ಬರವಣಿಗೆ ನೋಡಿದರೆ ವಯಸ್ಸು ಏಳೋ ಎಂಟೋ ಇರಬೇಕು. ಅಷ್ಟು ದೂರದಲ್ಲಿದ್ದುಕೊಂಡು ಇಷ್ಟು ಕಲಿತದ್ದೇ ದೊಡ್ಡದು. ಕ್ರಿಯಾಪದಗಳಿಗೆ ಹೆದರಬೇಡ ಎಂದು ಹೇಳಿ, ಬೆಳೆದಂತೆ ತಾವಾಗಿ ಬರುತ್ತವೆ. ಅದಕ್ಕಾಗಿ ಒಂದು ಡಬ್ಬಿ ಬಣ್ಣದ ಪೆನ್ಸಿಲ್ ಇಟ್ಟಿದ್ದೇವೆ."

ಇದನ್ನು ನಾನು ಕನ್ನಡಕ್ಕೆ ದಾಟಿಸಲಿಲ್ಲ. "ಏನಂತ? ಯಾವ ಕೂಸು?" ಎಂದು ಕೊಂಕಣಿಯ ಒಂದೆರಡು ಪದ ಹಿಡಿದಿದ್ದ ನೀಲವ್ವ ಕೇಳಿದಳು. ಸುಧಾ ಗದ್ದದಿಂದ ನನ್ನ ಕಡೆ ತೋರಿಸಿದಳು. ಆಗ ನನಗೆ ನಲವತ್ತೇಳು ತುಂಬಿತ್ತು, ತಲೆಯ ಮುಂಭಾಗ ಪೂರ್ತಿ ಖಾಲಿಯಾಗಿತ್ತು. ಚೇರ್ಮನ್ನರು ಎದ್ದು ನಿಂತು, ಸದಸ್ಯರ ಚಪ್ಪಾಳೆಯ ನಡುವೆ, ಇಪ್ಪತ್ತನಾಲ್ಕು ಬಣ್ಣದ ಪೆನ್ಸಿಲ್ ಡಬ್ಬಿಯನ್ನು ನನ್ನ ಕೈಗಿತ್ತರು. ಅವರ ಮುಖದಲ್ಲಿ ಆ ಮೂರು ಬಾಟಲಿಗಳ ಸೇಡು ತೀರಿದ ತೃಪ್ತಿ ಇತ್ತು.

ಒಂದು ವಾರ ತಡೆದುಕೊಂಡೆ. ಆಮೇಲೆ ಸತ್ಯ ತಿಳಿಸಿಬಿಡಬೇಕು, ಮಗುವಿನ ಹೆಸರಿನಲ್ಲಿ ಬಂದದ್ದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎನಿಸಿತು. 'ಮಾನ್ಯರೇ, ನಾನು ಮಗುವಲ್ಲ, ಒಬ್ಬ ಹಿರಿಯ ಉಪಾಧ್ಯಾಯ' ಎಂದು ಪೋರ್ಚುಗೀಸಿನಲ್ಲಿ ಎಚ್ಚರಿಕೆಯಿಂದ ಬರೆದು, ಅಂಚೆಗೆ ಹಾಕುವ ಮೊದಲು ಪುಂಡಲೀಕಬಾಬರಿಗೆ ತೋರಿಸಿದೆ. ಅವರು ಹೊಸ ಕಣ್ಣಿನಿಂದ ಓದಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. ಕಾಗದವನ್ನು ಮೆಲ್ಲಗೆ ನಾಲ್ಕಾಗಿ ಮಡಚಿ ನನ್ನ ಕಿಸೆಗೆ ಸೇರಿಸಿ, "ಕಳಿಸಬೇಡಿ ಸರ್, ಅವರು ನಂಬುವುದಿಲ್ಲ," ಎಂದರು.